ಲೈಸೆನ್ಸ್ ಸಿಗ್ತಿಲ್ಲ ಸಾರ್!

ನಮ್ಮ ಆಫೀಸಿನಲ್ಲಿ ದಿನಕ್ಕೆ ಅತಿ ಹೆಚ್ಚು ಸಲ ಕೇಳಿಬರುವ ಮಾತು ಯಾವುದೆಂದು ಯಾರಾದರೂ ಲೆಕ್ಕವಿಟ್ಟರೆ ‘ಲೈಸೆನ್ಸ್ ಸಿಗ್ತಿಲ್ಲ ಸಾರ್’ ಎಂಬುದೇ ಮೊದಲು ಬರುತ್ತದೆ. ‘ಊಟ ಆಯ್ತಾ’ ಎರಡನೆಯದು. ಕಾರಿನ ಬಾಗಿಲು, ವಿಮಾನದ ರೆಕ್ಕೆ, ಟರ್ಬೈನಿನ ಅಲಗು, ಚಿಪ್ಪಿನೊಳಗಿನ ಸರ್ಕ್ಯೂಟು, ಹೀಗೆ ಏನನ್ನಾದರೂ ಸಾಫ್ಟ್‌ವೇರಿನಲ್ಲಿ ವಿನ್ಯಾಸ ಮಾಡುವ ಬೆಂಗಳೂರಿನ ಯಾವ ಕಚೇರಿಗಾದರೂ ಹೋಗಿ ಅರ್ಧ ಗಂಟೆ ಕೂತುಕೊಳ್ಳಿ. ಈ ಮಾತು ಕಿವಿಗೆ ಬೀಳಲಿಲ್ಲವೆಂದರೆ ಅಂದು ರಜಾ ಇರಬೇಕು.

ಇದನ್ನು ಮನೆಯವರಿಗೆ ತಿಳಿಸಿ ಹೇಳುವುದು ಇನ್ನೂ ಕಷ್ಟ. ಅಂಚೆ ಇಲಾಖೆಯಿಂದ ನಿವೃತ್ತರಾದ ನಮ್ಮ ಸೋದರಮಾವ ಒಮ್ಮೆ ನನ್ನ ಫೋನಿನ ಮಾತುಕತೆಯನ್ನೆಲ್ಲ ಕೇಳಿಸಿಕೊಂಡು ಪೇಪರ್ ಮಡಚಿಟ್ಟರು.

“ಅಲ್ಲ ಕಣೋ, ಕಂಪನಿಯವರು ಲಕ್ಷಗಟ್ಟಲೆ ಕೊಟ್ಟು ಸಾಫ್ಟ್‌ವೇರ್ ಕೊಂಡಿದ್ದಾರೆ ಅಂತೀಯ. ಕೊಂಡಮೇಲೂ ಸಿಗೋಲ್ಲ ಅಂದ್ರೆ ಅದೆಂಥ ವ್ಯಾಪಾರ?”

“ಕೊಂಡಿಲ್ಲ ಮಾವ. ಬಳಸೋಕೆ ಅನುಮತಿ ತಗೊಂಡಿದ್ದಾರೆ, ಅಷ್ಟೆ.”

“ಓಹೋ, ರೇಡಿಯೋ ಲೈಸೆನ್ಸು!” ಎಂದು ಅವರ ಮುಖ ಅರಳಿತು.

ಈಗಿನ ಮಕ್ಕಳಿಗೆ ಹೇಳಿದರೆ ನಗುತ್ತಾರೆ. ಎಂಬತ್ತರ ದಶಕದವರೆಗೂ ಮನೆಯಲ್ಲಿ ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. ಪೋಸ್ಟಾಫೀಸಿನಲ್ಲಿ ಒಂದು ಚಿಕ್ಕ ಪುಸ್ತಕ ಮಾಡಿಸಿ, ವರ್ಷ ವರ್ಷ ದುಡ್ಡು ಕಟ್ಟಿ ನವೀಕರಿಸಿಕೊಳ್ಳಬೇಕು. ಆ ಕೌಂಟರಿನಲ್ಲಿ ಕೂತು ಠಸ್ಸೆ ಹೊಡೆದ ಕೈ ನಮ್ಮ ಮಾವನದು. ಆದರೂ ಒಂದು ವ್ಯತ್ಯಾಸವಿದೆ. ಅಲ್ಲಿ ರೇಡಿಯೋ ನಿಮ್ಮದು, ಕೇಳುವುದಕ್ಕೆ ಮಾತ್ರ ಸರ್ಕಾರದ ಒಪ್ಪಿಗೆ. ಲೈಸೆನ್ಸ್ ಮುಗಿದರೂ ರೇಡಿಯೋ ಹಾಡುತ್ತಲೇ ಇರುತ್ತಿತ್ತು, ಇನ್‌ಸ್ಪೆಕ್ಟರು ಬರುವವರೆಗೆ. ಇಲ್ಲಿ ಡಬ್ಬವೂ ನಿಮ್ಮದಲ್ಲ, ಹಾಡೂ ನಿಮ್ಮದಲ್ಲ. ಗಡುವಿನ ರಾತ್ರಿ ಹನ್ನೆರಡು ಹೊಡೆದ ಮೇಲೆ ಇನ್‌ಸ್ಪೆಕ್ಟರ ಕೆಲಸವನ್ನು ಸಾಫ್ಟ್‌ವೇರೇ ಮಾಡುತ್ತದೆ.

ಹಾಗೆ ನೋಡಿದರೆ ಸಾಫ್ಟ್‌ವೇರಿಗೆ ಪ್ರತ್ಯೇಕ ಬೆಲೆ ಎಂಬುದೇ ಬಹಳ ಹಿಂದಿನ ಮಾತಲ್ಲ. ದೊಡ್ಡ ಕಂಪ್ಯೂಟರ್ ಕೊಂಡವರಿಗೆ ಪ್ರೋಗ್ರಾಮುಗಳೂ ಜೊತೆಯಲ್ಲೇ ಬರುತ್ತಿದ್ದವು. 1969ರ ಜೂನ್‌ನಲ್ಲಿ ಐಬಿಎಂ ಇನ್ನು ಮುಂದೆ ಯಂತ್ರದ ಬಿಲ್ಲು ಬೇರೆ, ಸಾಫ್ಟ್‌ವೇರಿನ ಬಿಲ್ಲು ಬೇರೆ ಎಂದು ಸಾರಿತು. ಮರುವರ್ಷವೇ ವೆಸ್ಟಿಂಗ್‌ಹೌಸ್‌ನ ಕೆಲಸ ಬಿಟ್ಟುಬಂದ ಜಾನ್ ಸ್ವಾನ್ಸನ್ ಪಿಟ್ಸ್‌ಬರ್ಗ್ ಬಳಿಯ ತಮ್ಮ ಮನೆಯಲ್ಲೇ ಕಂಪನಿ ತೆರೆದರು. ಇವತ್ತು ನಮ್ಮ ಮೆಕ್ಯಾನಿಕಲ್ ಹುಡುಗರು ದಿನವಿಡೀ ಜಪಿಸುವ ಆನ್ಸಿಸ್ ಎಂಬ ವಿಶ್ಲೇಷಣೆಯ ಸಾಫ್ಟ್‌ವೇರ್ ಹುಟ್ಟಿದ್ದು ಹಾಗೆ. ಮ್ಯಾಟ್‌ಲ್ಯಾಬ್‌ನ ಕಥೆ ಇನ್ನೂ ಮಜಾ. ಕ್ಲೀವ್ ಮೋಲರ್ ಎಂಬ ಗಣಿತದ ಮೇಷ್ಟ್ರು ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದಲ್ಲಿ ತಮ್ಮ ವಿದ್ಯಾರ್ಥಿಗಳಿಗೆ ಫೋರ್ಟ್ರಾನ್‌ನಲ್ಲಿ ಪ್ರೋಗ್ರಾಮು ಬರೆಯುವ ಕಷ್ಟ ತಪ್ಪಲಿ ಎಂದು ಬರೆದು, ಕೇಳಿದವರಿಗೆಲ್ಲ ಹಂಚಿದ್ದು ಅದು. 1984ರಲ್ಲಿ ಅದರ ಸುತ್ತ ಕಂಪನಿ ಎದ್ದಿತು. ಆಮೇಲೆ ಅದಕ್ಕೆ ಸೇರಿಸಿಕೊಳ್ಳುವ ಒಂದೊಂದು ಟೂಲ್‌ಬಾಕ್ಸಿಗೂ ಒಂದೊಂದು ಬೆಲೆ.

ಬೆಲೆ ಬಂದಮೇಲೆ ಬೀಗ ಬರಲೇಬೇಕಲ್ಲ. ಮೊದಲು ಬಂದದ್ದು ಡಾಂಗಲ್. ಕಂಪ್ಯೂಟರಿನ ಬೆನ್ನಿಗೆ, ಪ್ರಿಂಟರಿನ ಕೇಬಲ್ ಸಿಕ್ಕಿಸುವಲ್ಲಿ, ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ಪ್ಲಾಸ್ಟಿಕ್ ತುಂಡು. ಅದಿದ್ದರೆ ಸಾಫ್ಟ್‌ವೇರ್ ಓಡುತ್ತದೆ, ಇಲ್ಲದಿದ್ದರೆ ಇಲ್ಲ. ಮೂರು ಸಾಫ್ಟ್‌ವೇರ್ ಇದ್ದರೆ ಒಂದರ ಹಿಂದೊಂದು ಮೂರು ತುಂಡು, ಕೊನೆಗೆ ಪ್ರಿಂಟರಿನ ಕೇಬಲ್ಲು. ಗೋಡೆಗೂ ಸಿಪಿಯುಗೂ ನಡುವೆ ಗೇಣುದ್ದ ಜಾಗ ಬೇಕು. ಸಂಜೆ ಅದನ್ನು ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡು ಹೋಗುವ ಮ್ಯಾನೇಜರುಗಳಿದ್ದರು. ಅವರು ರಜೆಯಲ್ಲಿದ್ದ ದಿನ ಇಡೀ ಡಿಸೈನ್ ವಿಭಾಗಕ್ಕೂ ರಜೆ.

ಈ ರಗಳೆ ತಪ್ಪಿಸಲು 1988ರಲ್ಲಿ ಬಂದದ್ದು ಫ್ಲೆಕ್ಸ್‌ಎಲ್‌ಎಂ. ಲೈಸೆನ್ಸುಗಳನ್ನೆಲ್ಲ ನೆಟ್‌ವರ್ಕಿನ ಒಂದು ಸರ್ವರಿನಲ್ಲಿಡುವುದು, ಬೇಕಾದವರು ಅಲ್ಲಿಂದ ಪಡೆದು, ಕೆಲಸ ಮುಗಿದಮೇಲೆ ಹಿಂತಿರುಗಿಸುವುದು. ಎಷ್ಟು ಸರಳವಾದ ಉಪಾಯವೆಂದರೆ, ಎಷ್ಟೋ ದೊಡ್ಡ ಎಂಜಿನಿಯರಿಂಗ್ ಸಾಫ್ಟ್‌ವೇರ್ ಕಂಪನಿಗಳು ತಮ್ಮದೇ ಬೀಗ ಮಾಡುವುದನ್ನು ಬಿಟ್ಟು ಇದನ್ನೇ ತಂದಿಟ್ಟುಕೊಂಡವು. ಅದನ್ನು ಮಾಡಿದ ಗ್ಲೋಬ್‌ಟ್ರಾಟರ್ ಕಂಪನಿ 2000ದಲ್ಲಿ ಮ್ಯಾಕ್ರೋವಿಷನ್ ಪಾಲಾಯಿತು, ಆಮೇಲೆ ಅಕ್ರೆಸೋ ಆಯಿತು, ಫ್ಲೆಕ್ಸೆರಾ ಆಯಿತು, ಈಗ ರೆವೆನೆರಾ ಅನ್ನುತ್ತಾರೆ. ಬೋರ್ಡು ಎಷ್ಟು ಸಲ ಬದಲಾದರೂ ಸರ್ವರಿನಲ್ಲಿ ಹಗಲೂ ರಾತ್ರಿ ಕೂತಿರುವ ಪ್ರೋಗ್ರಾಮಿನ ಹೆಸರು ಮಾತ್ರ ಇವತ್ತಿಗೂ ಅದೇ ಎಲ್‌ಎಂಜಿಆರ್‌ಡಿ. ಉಚ್ಚರಿಸಲು ಬಾರದ ಹೆಸರನ್ನು ಬದಲಿಸುವ ಧೈರ್ಯ ಯಾರಿಗೂ ಬಂದಂತಿಲ್ಲ.

ಲೈಸೆನ್ಸ್ ಫೈಲ್ ಎಂದರೆ ಏನೋ ಗುಪ್ತಲಿಪಿ ಎಂದು ಅನೇಕರು ಹೆದರುತ್ತಾರೆ. ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ, ಓದಲು ಬರುತ್ತದೆ. ಮೊದಲ ಸಾಲು ಸರ್ವರಿನದು: ಆ ಯಂತ್ರದ ಹೆಸರು, ಅದರ ನೆಟ್‌ವರ್ಕ್ ಕಾರ್ಡಿನ ಹನ್ನೆರಡು ಅಕ್ಷರಾಂಕದ ವಿಳಾಸ, ಕೊನೆಗೆ ಪೋರ್ಟ್ ನಂಬರು, ಸಾಮಾನ್ಯವಾಗಿ 27000. ಎರಡನೆಯ ಸಾಲಿನಲ್ಲಿ ಆಯಾ ಸಾಫ್ಟ್‌ವೇರ್ ಕಂಪನಿಯ ಸ್ವಂತ ಗುಮಾಸ್ತ ಪ್ರೋಗ್ರಾಮಿನ ಹೆಸರು. ಇದಕ್ಕೆ ವೆಂಡರ್ ಡೀಮನ್ ಎನ್ನುತ್ತಾರೆ. ಆಮೇಲಿನ ಸಾಲುಗಳಲ್ಲಿ ಯಾವ ಫೀಚರ್, ಯಾವ ವರ್ಷನ್‌ವರೆಗೆ, ಯಾವ ತಾರೀಖಿನವರೆಗೆ, ಎಷ್ಟು ಮಂದಿಗೆ ಎಂಬ ವಿವರ. ಪ್ರತಿ ಸಾಲಿನ ಬಾಲಕ್ಕೂ ಅರ್ಥವಿಲ್ಲದಂತೆ ಕಾಣುವ ಉದ್ದನೆಯ ಸಹಿ. ಈ ಸಹಿಯೇ ಬೀಗ. ಐದು ಮಂದಿಗೆ ಎಂದಿರುವಲ್ಲಿ ಐವತ್ತು ಎಂದು ಬರೆದರೆ ಸಹಿ ತಾಳೆಯಾಗದೆ ಆ ಸಾಲನ್ನೇ ಒಪ್ಪುವುದಿಲ್ಲ. ಹಾಗೆಂದು ಏನನ್ನೂ ಮುಟ್ಟಬಾರದೆಂದಲ್ಲ. ಸರ್ವರಿನ ಹೆಸರನ್ನೂ ಪೋರ್ಟನ್ನೂ ನಾವೇ ಬದಲಿಸಿಕೊಳ್ಳಬಹುದು. ಸರ್ವರಿಗೆ ಹೊಸ ಹೆಸರಿಟ್ಟ ಮಾತ್ರಕ್ಕೆ ಹೊಸ ಫೈಲ್ ಕಳಿಸಿ ಎಂದು ವೆಂಡರಿಗೆ ಮೇಲ್ ಹಾಕಿ ಎರಡು ದಿನ ಕಾಯುವವರಿದ್ದಾರೆ. ನೋಟ್‌ಪ್ಯಾಡಿನಲ್ಲಿ ಎರಡು ನಿಮಿಷದ ಕೆಲಸ.

ಆ ಹನ್ನೆರಡು ಅಕ್ಷರಾಂಕದ ವಿಳಾಸ ಮಾತ್ರ ಮಹಾ ತರಲೆ. ಒಂದೇ ಲ್ಯಾಪ್‌ಟಾಪಿಗೆ ವೈಫೈನದು ಒಂದು ವಿಳಾಸ, ಕೇಬಲಿನದು ಇನ್ನೊಂದು, ವಿಪಿಎನ್ ಹಾಕಿದರೆ ಮತ್ತೊಂದು, ಡಾಕಿಂಗ್ ಸ್ಟೇಷನ್ನಿಗೆ ಸಿಕ್ಕಿಸಿದರೆ ಮಗದೊಂದು. ಲ್ಯಾಪ್‌ಟಾಪನ್ನು ಆಫೀಸಿನ ಡಾಕಿನಲ್ಲಿಟ್ಟುಕೊಂಡು ಅದೊಂದಕ್ಕೇ ಲೈಸೆನ್ಸ್ ಕೇಳಿ ಅರ್ಜಿ ಹಾಕಿದ ಹುಡುಗನೊಬ್ಬನಿಗೆ ಮನೆಯಲ್ಲಿ ಕೂತ ದಿನ ಸಾಫ್ಟ್‌ವೇರ್ ‘ಮೈನಸ್ ಒಂಬತ್ತು, ಈ ಯಂತ್ರ ನನಗೆ ಗೊತ್ತಿಲ್ಲ’ ಎಂದುಬಿಟ್ಟಿತು. ಲೈಸೆನ್ಸ್ ಅವನ ಲ್ಯಾಪ್‌ಟಾಪಿಗೆ ಬಂದಿರಲಿಲ್ಲ, ಮೇಜಿನ ಮೇಲಿದ್ದ ಡಾಕಿಗೆ ಬಂದಿತ್ತು. “ಹಾಗಾದ್ರೆ ಡಾಕನ್ನೂ ಬ್ಯಾಗಿಗೆ ಹಾಕ್ಕೊಂಡು ಹೋಗ್ಲಾ ಸಾರ್?” ಎಂದ. ಹೋದ ಕೂಡ, ಹೊಸ ಫೈಲ್ ಬರುವವರೆಗೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಸರ್ವರಿನಲ್ಲಿರುವ ಲೈಸೆನ್ಸನ್ನು ಫ್ಲೋಟಿಂಗ್ ಎನ್ನುತ್ತಾರೆ. ಮದುವೆ ಮನೆಯ ಊಟದ ಪಂಕ್ತಿಯನ್ನು ನೆನಪಿಸಿಕೊಳ್ಳಿ. ಹಾಲಿನಲ್ಲಿ ಇರುವುದು ಇಷ್ಟೇ ಎಲೆ. ಬಂದವರು ಅದಕ್ಕಿಂತ ನಾಲ್ಕು ಪಟ್ಟು. ಎರಡನೆಯ ಪಂಕ್ತಿಯವರು ಮೊದಲನೆಯವರ ಕುರ್ಚಿಯ ಹಿಂದೆಯೇ ನಿಂತು ಅವರ ಎಲೆಯ ಮೇಲೆ ಕಣ್ಣಿಟ್ಟಿರುತ್ತಾರೆ. ಮಜ್ಜಿಗೆ ಅನ್ನ ಮುಗಿದಿದೆ, ಕೈ ಒಣಗಿದೆ, ಆದರೂ ಪುಣ್ಯಾತ್ಮ ಏಳುವುದಿಲ್ಲ; ಪಕ್ಕದವನ ಜೊತೆ ಸೈಟಿನ ರೇಟು ಮಾತಾಡುತ್ತಿದ್ದಾನೆ. ಲೈಸೆನ್ಸ್ ಸಿಗುತ್ತಿಲ್ಲ ಎಂಬ ದೂರುಗಳಲ್ಲಿ ಬಹುಪಾಲು ಇಷ್ಟೇ. ಸರ್ವರ್ ಚೆನ್ನಾಗಿದೆ, ನೆಟ್‌ವರ್ಕ್ ಚೆನ್ನಾಗಿದೆ, ಯಾರೋ ಎದ್ದಿಲ್ಲ.

ಯಾರು ಎದ್ದಿಲ್ಲ ಎಂದು ತಿಳಿಯುವುದಕ್ಕೂ ದಾರಿ ಇದೆ. ಎಲ್‌ಎಂಸ್ಟ್ಯಾಟ್ ಎಂಬ ಕಮಾಂಡ್ ಕೊಟ್ಟರೆ ಯಾವ ಫೀಚರನ್ನು ಯಾರು, ಯಾವ ಯಂತ್ರದಲ್ಲಿ, ಎಷ್ಟು ಗಂಟೆಯಿಂದ ಹಿಡಿದುಕೊಂಡಿದ್ದಾರೆ ಎಂದು ಹೆಸರು ಸಮೇತ ಹೇಳುತ್ತದೆ. ಇದರ ಜೊತೆಗೆ ಸರ್ವರ್ ಬರೆದಿಡುವ ಲಾಗ್ ಒಂದಿದೆ. ಗಂಟೆ, ನಿಮಿಷ, ಸೆಕೆಂಡು, ಆಮೇಲೆ ‘ಔಟ್’, ಫೀಚರಿನ ಹೆಸರು, ಆಸಾಮಿಯ ಹೆಸರು. ಹಿಂತಿರುಗಿಸಿದಾಗ ‘ಇನ್’. ಕೇಳಿ ಸಿಗದಿದ್ದರೆ ‘ಡಿನೈಡ್’. ಕಚೇರಿಯ ಒಳಗುಟ್ಟು ತಿಳಿಯಬೇಕಾದರೆ ಎಚ್‌ಆರ್ ರಿಪೋರ್ಟಿಗಿಂತ ಇದು ವಾಸಿ. ಒಬ್ಬರು ಬೆಳಿಗ್ಗೆ ಎಂಟೂಮುಕ್ಕಾಲಕ್ಕೆ ಬಂದು, ಸಾಫ್ಟ್‌ವೇರ್ ತೆರೆದು, ಲೈಸೆನ್ಸ್ ಹಿಡಿದಿಟ್ಟು, ತಿಂಡಿಗೆ ಹೋಗುತ್ತಾರೆ. ಇನ್ನೊಬ್ಬರು ಶುಕ್ರವಾರ ಸಂಜೆ ಸ್ಕ್ರೀನ್ ಲಾಕ್ ಮಾಡಿ ಊರಿಗೆ ಹೋದವರು ಸೋಮವಾರದವರೆಗೂ ‘ಔಟ್’ ಆಗಿಯೇ ಇರುತ್ತಾರೆ. ಒಂದೇ ನಿಮಿಷದಲ್ಲಿ ಸಾಲುಸಾಲಾಗಿ ‘ಡಿನೈಡ್’ ಇದ್ದರೆ ಯಾರೋ ಸಿಟ್ಟಿನಲ್ಲಿ ಮೌಸ್ ಕುಟ್ಟುತ್ತಿದ್ದಾರೆ ಎಂದು ತಿಳಿಯಬೇಕು.

ಕೆಲವೊಮ್ಮೆ ಹಿಡಿದುಕೊಂಡವನಿಗೇ ತಾನು ಹಿಡಿದುಕೊಂಡದ್ದು ಗೊತ್ತಿರುವುದಿಲ್ಲ. ಮ್ಯಾಟ್‌ಲ್ಯಾಬ್‌ನಲ್ಲಿ ಯಾವುದೋ ಟೂಲ್‌ಬಾಕ್ಸಿನ ಒಂದೇ ಒಂದು ಫಂಕ್ಷನ್ನನ್ನು ಬೆಳಿಗ್ಗೆ ಕರೆದಿರುತ್ತಾನೆ. ಅಷ್ಟಕ್ಕೇ ಆ ಟೂಲ್‌ಬಾಕ್ಸಿನ ಲೈಸೆನ್ಸ್ ಅವನ ಹೆಸರಿಗೆ ಬರೆದಾಯಿತು. ಮತ್ತೆ ಅದು ವಾಪಸಾಗುವುದು ಮ್ಯಾಟ್‌ಲ್ಯಾಬನ್ನೇ ಮುಚ್ಚಿದಾಗ. “ನಾನು ಅದನ್ನ ಮುಟ್ಟೇ ಇಲ್ಲ ಸಾರ್, ಬೇಕಾದ್ರೆ ನೋಡಿ” ಎಂದು ಆತ ಪ್ರಮಾಣ ಮಾಡಿದರೆ ನಂಬಿ. ಆದರೆ ಮ್ಯಾಟ್‌ಲ್ಯಾಬ್ ಮುಚ್ಚಿಸಿ.

ಕರೆಂಟ್ ಹೋಗಿ ಯಂತ್ರ ಸತ್ತರೆ, ಕೇಬಲ್ ಕಿತ್ತುಬಂದರೆ ಇನ್ನೊಂದು ತಾಪತ್ರಯ. ಸಾಫ್ಟ್‌ವೇರ್ ತಾನಾಗಿ ಕುಸಿದುಬಿದ್ದರೆ ಕಂಪ್ಯೂಟರ್ ಸಂಪರ್ಕ ಕಡಿದು, ಲೈಸೆನ್ಸ್ ತಕ್ಷಣ ವಾಪಸಾಗುತ್ತದೆ. ಯಂತ್ರವೇ ಹೇಳದೆ ಕೇಳದೆ ಹೋದರೆ ಅತ್ತ ಸರ್ವರಿಗೆ ಸುದ್ದಿ ಮುಟ್ಟುವುದಿಲ್ಲ. ಇನ್ನೂ ಇದ್ದಾನೆ ಎಂದೇ ಲೆಕ್ಕ ಹಿಡಿದುಕೊಂಡಿರುತ್ತದೆ, ಕೆಲವೊಮ್ಮೆ ಗಂಟೆಗಟ್ಟಲೆ. ಕೆಲಸ ಮಾಡದೆ ಸುಮ್ಮನೆ ತೆರೆದಿಟ್ಟವರನ್ನು ಎಬ್ಬಿಸಲು ಸರ್ವರಿನ ಆಪ್ಷನ್ಸ್ ಎಂಬ ಇನ್ನೊಂದು ಫೈಲಿನಲ್ಲಿ ಟೈಮ್‌ಔಟ್ ಎಂದೊಂದು ಸಾಲು ಬರೆಯಬಹುದು. ಆದರೆ ಸಾಫ್ಟ್‌ವೇರ್ ಮಾಡಿದವರು ಅದಕ್ಕೆ ಆಸ್ಪದ ಕೊಟ್ಟಿದ್ದರೆ ಮಾತ್ರ ಕೇಳುತ್ತದೆ, ಕೆಲವು ಕೇಳುವುದಿಲ್ಲ. ಅದೇ ಫೈಲಿನಲ್ಲಿ ಇಂಥವರಿಗೆ ಇಷ್ಟು ಎಂದು ಕಾಯ್ದಿರಿಸಲೂಬಹುದು. ನನ್ನ ಅಭಿಪ್ರಾಯದಲ್ಲಿ ಕಾಯ್ದಿರಿಸುವುದಕ್ಕೆ ಕೈ ಹಾಕದಿರುವುದೇ ಮೇಲು. ಒಬ್ಬ ಮ್ಯಾನೇಜರಿಗೆ ಒಂದು ಸೀಟು ತೆಗೆದಿಟ್ಟಿರೋ, ಮಧ್ಯಾಹ್ನದೊಳಗೆ ಉಳಿದ ಮ್ಯಾನೇಜರುಗಳೆಲ್ಲ ನಿಮ್ಮ ಟೇಬಲ್ ಮುಂದೆ ನಿಂತಿರುತ್ತಾರೆ.

ಬೆಂಗಳೂರಿನ ಕಥೆಗೆ ಇನ್ನೊಂದು ಎಳೆ ಇದೆ. ಇಲ್ಲಿನ ಎಷ್ಟೋ ವಿನ್ಯಾಸ ಕೇಂದ್ರಗಳು ಜರ್ಮನಿಯ, ಅಮೆರಿಕದ ಕಂಪನಿಗಳ ಕೈಗಳು. ಜಗತ್ತಿನಾದ್ಯಂತ ಬಳಸಬಹುದಾದ ಲೈಸೆನ್ಸ್ ಇದ್ದರೆ ಎಲ್ಲರಿಗೂ ಒಂದೇ ಕೊಳ. ಬೆಳಿಗ್ಗೆ ನಾವು ಆಫೀಸಿಗೆ ಬಂದಾಗ ಯುರೋಪ್ ಮಲಗಿರುತ್ತದೆ, ಕೊಳದ ತುಂಬ ನೀರು. ಬೇಸಿಗೆಯಲ್ಲಿ ನಮ್ಮ ಹನ್ನೊಂದೂವರೆಗೆ ಅಲ್ಲಿ ಎಂಟು ಗಂಟೆ. ಜರ್ಮನ್ನರು ಎಂಟು ಎಂದರೆ ಎಂಟಕ್ಕೇ ಬಂದು ಕೂರುವ ಜನ. ಹನ್ನೆರಡರೊಳಗೆ ನಮ್ಮಲ್ಲಿ ಡಿನೈಡ್ ಶುರು. ಸಂಜೆ ಐದೂವರೆಗೆ ಡೆಟ್ರಾಯಿಟ್ ಏಳುತ್ತದೆ. ಅನುಭವಸ್ಥರು ಇದನ್ನೆಲ್ಲ ಬಲ್ಲವರಾಗಿ ದೊಡ್ಡ ರನ್ನುಗಳನ್ನು ಬೆಳಿಗ್ಗೆ ಒಂಬತ್ತಕ್ಕೇ ಹಾಕಿಬಿಡುತ್ತಾರೆ. ಹಾಗೆಂದು ಲಿಂಕ್ ಇದೆಯಲ್ಲ ಎಂದು ಯಾವ ದೇಶದ ಸರ್ವರಿನಿಂದಲೂ ಎಳೆದುಕೊಳ್ಳುವಂತಿಲ್ಲ. ಈ ಕಟ್ಟಡಕ್ಕೆ ಮಾತ್ರ, ಈ ದೇಶಕ್ಕೆ ಮಾತ್ರ ಎಂಬ ಷರತ್ತಿರುವ ಲೈಸೆನ್ಸುಗಳೂ ಇವೆ. ಕಂಪ್ಯೂಟರ್ ಬಿಡುತ್ತದೆ, ಕರಾರು ಬಿಡುವುದಿಲ್ಲ. ಆಡಿಟ್‌ನವರು ಬಂದಾಗ ನೋಡುವುದು ಕರಾರನ್ನು.

ಇನ್ನು ಎರರಿನ ಜೊತೆ ಬರುವ ಆ ಮೈನಸ್ ನಂಬರುಗಳ ವಿಚಾರ. ಎರರ್ ಬಂದ ಕೂಡಲೇ ಜನ ಆ ಮೆಸೇಜನ್ನು ಮುಚ್ಚಿ ಐಟಿಯವರಿಗೆ ಫೋನ್ ಮಾಡುತ್ತಾರೆ. “ಏನು ಬಂತು?” ಎಂದರೆ “ಏನೋ ಲೈಸೆನ್ಸ್ ಎರರ್” ಎನ್ನುತ್ತಾರೆ. ಹೊಟ್ಟೆನೋವು ಎಂದರೆ ಸಾಲದು, ಎಲ್ಲಿ ಎಂದು ಡಾಕ್ಟರು ಕೇಳುವುದಿಲ್ಲವೇ? ಮೈನಸ್ 4 ಎಂದರೆ ಎಲ್ಲ ಸೀಟೂ ಭರ್ತಿ, ಕಾಯಿರಿ. ಮೈನಸ್ 5 ಎಂದರೆ ನೀವು ಕೇಳುತ್ತಿರುವ ಫೀಚರೇ ಕೊಂಡಿಲ್ಲ. ಕಾದು ಪ್ರಯೋಜನವಿಲ್ಲ, ಪರ್ಚೇಸ್‌ನವರ ಬಳಿ ಹೋಗಿ. ಈ ಎರಡರ ನಡುವಿನ ವ್ಯತ್ಯಾಸ ತಿಳಿಯದೆ ವಾರಗಟ್ಟಲೆ ಕಾದವರನ್ನು ಕಂಡಿದ್ದೇನೆ. ಮೈನಸ್ 10 ಅವಧಿ ಮುಗಿದದ್ದು. ಮೈನಸ್ 25 ಬಂದರೆ ಯಾರೋ ಉತ್ಸಾಹದಿಂದ ಹೊಸ ವರ್ಷನ್ ಹಾಕಿಕೊಂಡಿದ್ದಾರೆ, ಲೈಸೆನ್ಸ್ ಹಳೆಯ ವರ್ಷನ್ನಿನಲ್ಲೇ ನಿಂತಿದೆ.

ಮೈನಸ್ 15, 96, 97 ಈ ಮೂರು ಒಂದೇ ಮನೆಯವು. ಸರ್ವರಿನವರೆಗೆ ಹೋಗಲಾಗಲಿಲ್ಲ, ಅಥವಾ ಹೋದರೂ ಒಳಗಿನ ಗುಮಾಸ್ತ ಸಿಗಲಿಲ್ಲ ಎಂದರ್ಥ. ಇಲ್ಲಿ ಒಂದು ಹಳೆಯ ಗುಟ್ಟಿದೆ, ನಿಧಾನವಾಗಿ ಹೇಳುತ್ತೇನೆ. ಬಾಗಿಲಲ್ಲಿ ಕೂತ ಎಲ್‌ಎಂಜಿಆರ್‌ಡಿ 27000ನೇ ಪೋರ್ಟಿನಲ್ಲಿ ಸಿಗುತ್ತದೆ. ಆದರೆ ಲೈಸೆನ್ಸ್ ಕೊಡುವುದು ಅದಲ್ಲ, ಒಳಗಿರುವ ವೆಂಡರ್ ಡೀಮನ್. ಅದು ಕೂರುವ ಪೋರ್ಟು ಯಾವುದೆಂದು ಫೈಲಿನಲ್ಲಿ ಬರೆದಿಡದಿದ್ದರೆ ಪ್ರತಿ ಸಲ ಶುರುವಾದಾಗಲೂ ತನಗೆ ತೋಚಿದ ಹೊಸ ಪೋರ್ಟಿನಲ್ಲಿ ಹೋಗಿ ಕೂರುತ್ತದೆ. ಫೈರ್‌ವಾಲ್‌ನವರು 27000 ಒಂದನ್ನೇ ತೆರೆದು “ಆಯ್ತು ಸಾರ್, ಟಿಕೆಟ್ ಕ್ಲೋಸ್” ಎನ್ನುತ್ತಾರೆ. ಎಂಜಿನಿಯರು “ಇನ್ನೂ ಬರ್ತಿಲ್ಲ” ಎಂದು ಮತ್ತೆ ತೆರೆಯುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಲೈಸೆನ್ಸ್ ಫೈಲಿನ ಆ ಎರಡನೆಯ ಸಾಲಿನ ಕೊನೆಗೆ ಪೋರ್ಟ್ ಇಂಥದು ಎಂದು ಬರೆದು, ಫೈರ್‌ವಾಲ್‌ನಲ್ಲಿ ಅದನ್ನೂ ತೆರೆದು, ಸರ್ವೀಸನ್ನು ಒಮ್ಮೆ ನಿಲ್ಲಿಸಿ ಮತ್ತೆ ಶುರುಮಾಡಿದರೆ ಮುಗಿಯಿತು. ನಿನ್ನೆಯವರೆಗೆ ಚೆನ್ನಾಗಿದ್ದು ಸರ್ವರ್ ರೀಸ್ಟಾರ್ಟ್ ಆದ ಮೇಲೆ ಕೆಟ್ಟಿತು ಎಂದರೆ ಮೊದಲು ನೋಡಬೇಕಾದದ್ದು ಇದನ್ನೇ.

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಮೈನಸ್ 88. ‘ಗಡಿಯಾರವನ್ನು ಹಿಂದಕ್ಕೆ ತಿರುಗಿಸಲಾಗಿದೆ’ ಎಂಬ ಆರೋಪ. ಅವಧಿ ಮುಗಿದ ಲೈಸೆನ್ಸನ್ನು ಓಡಿಸಲು ಕಂಪ್ಯೂಟರಿನ ತಾರೀಖನ್ನು ಹೋದ ವರ್ಷಕ್ಕೆ ಒಯ್ಯುವ ಚಾಲಾಕಿಗಳಿಗಾಗಿ ಇಟ್ಟ ಬಲೆ ಇದು. ಡಿಸ್ಕಿನಲ್ಲಿ ನಾಳೆಯ ತಾರೀಖಿನ ಸಿಸ್ಟಮ್ ಫೈಲುಗಳಿವೆಯೇ ಎಂದು ನೋಡುತ್ತದೆ. ಇದ್ದರೆ ಗಡಿಯಾರ ತಿರುಗಿಸಿದ್ದೀರಿ ಎಂದು ಹಿಡಿಯುತ್ತದೆ. ಪಾಪ, ಎಷ್ಟೋ ಸಲ ಸಿಕ್ಕಿಬೀಳುವವರು ನಿರಪರಾಧಿಗಳು. ಹಳೆಯ ವರ್ಕ್‌ಸ್ಟೇಷನ್, ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ ಸತ್ತಿದೆ, ರಾತ್ರಿ ಕರೆಂಟ್ ಹೋಗಿ ಬಂದಿದೆ, ಬೆಳಿಗ್ಗೆ ಯಂತ್ರ ಹತ್ತಾರು ವರ್ಷ ಹಿಂದಿನ ಜನವರಿ ಒಂದರಲ್ಲಿ ಕಣ್ಣು ಬಿಟ್ಟಿದೆ. ಲಕ್ಷಾಂತರ ರೂಪಾಯಿಯ ಲೈಸೆನ್ಸನ್ನು ನಿಲ್ಲಿಸಿದ್ದು ವಾಚ್ ರಿಪೇರಿ ಅಂಗಡಿಯಲ್ಲಿ ಸಿಗುವ ಬ್ಯಾಟರಿ.

ವಿಶ್ಲೇಷಣೆಯ ವೇಗಕ್ಕೂ ಲೈಸೆನ್ಸ್ ಇದೆ ಎಂದಾಗ ಮಾವ ಮೂಗಿನ ಮೇಲೆ ಬೆರಳಿಟ್ಟರು. ಕಂಪ್ಯೂಟರ್ ನಮ್ಮದೇ, ಅದರ ಕೋರ್‌ಗಳೂ ನಮ್ಮವೇ. ಆದರೆ ಆನ್ಸಿಸ್‌ನಲ್ಲಿ ಸಾಲ್ವರ್ ಜೊತೆ ಬರುವುದು ನಾಲ್ಕು ಕೋರ್‌ಗಳ ಅಪ್ಪಣೆ ಮಾತ್ರ. ಮಿಕ್ಕದ್ದಕ್ಕೆ ಎಚ್‌ಪಿಸಿ ಪ್ಯಾಕ್ ಕೊಳ್ಳಬೇಕು. ಒಂದು ಪ್ಯಾಕಿಗೆ ಇನ್ನೂ 8 ಕೋರ್, ಎರಡಕ್ಕೆ 32, ಮೂರಕ್ಕೆ 128. ಈ ಲೆಕ್ಕದಲ್ಲಿ ಹಂಚಿ ತಿಂದವನಿಗೆ ನಷ್ಟ: ಇಬ್ಬರು ಒಂದೊಂದು ಪ್ಯಾಕ್ ಹಿಡಿದು ಕೂತರೆ ಒಟ್ಟು 16, ಒಬ್ಬನೇ ಎರಡನ್ನೂ ಹಿಡಿದರೆ 32. ಹಾಗಾಗಿ ಸರದಿಯಲ್ಲಿ ಒಬ್ಬೊಬ್ಬರೇ ಓಡಿಸುವುದು ಲೇಸು. ಇದನ್ನು ಟೀಮಿನವರಿಗೆ ಒಪ್ಪಿಸುವುದು ಮಾತ್ರ ಯಾವ ಸಾಲ್ವರಿಗೂ ಬಗೆಹರಿಯದ ಸಮೀಕರಣ.

ಮಾರ್ಚ್ ತಿಂಗಳ ಸಂಕಟವನ್ನು ಹೆಚ್ಚು ಬೆಳೆಸುವುದಿಲ್ಲ. ನಮ್ಮಲ್ಲಿ ವಾರ್ಷಿಕ ಲೈಸೆನ್ಸುಗಳು ಹಣಕಾಸು ವರ್ಷಕ್ಕೆ ಹೊಂದುವಂತೆ 31ನೇ ಮಾರ್ಚ್‌ಗೆ ಮುಗಿಯುವುದು ರೂಢಿ. ಜನವರಿಯಲ್ಲೇ ಕೊಟೇಷನ್ ಬಂದಿರುತ್ತದೆ. ಫೆಬ್ರವರಿಯಲ್ಲಿ “ಇನ್ನೂ ಸ್ವಲ್ಪ ಡಿಸ್ಕೌಂಟ್ ಕೇಳಿ”. ಮಾರ್ಚ್ ಕೊನೆಯ ವಾರ ಸಹಿ ಹಾಕಬೇಕಾದವರು ಟೂರಿನಲ್ಲಿ. ಒಂದನೇ ತಾರೀಖು ಇಡೀ ಮಹಡಿಗೆ ಮೈನಸ್ 10. ಏಪ್ರಿಲ್ ಫೂಲ್ ಎಂದು ಹೊಸಬರು ನಗುತ್ತಾರೆ, ಹಳಬರು ನಗುವುದಿಲ್ಲ.

ಈಚೆಗೆ ಪಂಕ್ತಿಯೂ ಬೇಡ ಎಂಬ ಕಾಲ ಬಂದಿದೆ. ಆಟೋಡೆಸ್ಕ್ ಕಂಪನಿ 2016ರಲ್ಲಿ ಶಾಶ್ವತ ಲೈಸೆನ್ಸ್ ಮಾರುವುದನ್ನು ನಿಲ್ಲಿಸಿತು, 2020ರಿಂದ ಹಂಚಿಕೊಳ್ಳುವ ನೆಟ್‌ವರ್ಕ್ ಲೈಸೆನ್ಸುಗಳನ್ನೂ ಕೈಬಿಡುತ್ತ ಬಂದು ಹೆಸರಿಗೊಂದು ಲೈಸೆನ್ಸ್ ಎಂದಿತು. ಬೇರೆಯವರೂ ಆ ದಾರಿ ಹಿಡಿಯುತ್ತಿದ್ದಾರೆ. ಲಾಗಿನ್ ಆದರೆ ಸಾಕು, ಸರ್ವರ್ ಬೇಡ, ಪೋರ್ಟ್ ಬೇಡ ಎಂದು ಐಟಿಯವರಿಗೆ ಖುಷಿ. ನನಗೇನೋ ಇದು ಒಪ್ಪಿಗೆಯಿಲ್ಲ. ತಿಂಗಳಿಗೆ ಎರಡು ಗಂಟೆ ಡ್ರಾಯಿಂಗ್ ತೆರೆದು ನೋಡುವವನಿಗೂ ಪೂರಾ ಎಲೆ ಹಾಕಿ ಕೂರಿಸಿ ಎಂದರೆ ಲಾಭ ಯಾರಿಗೆಂದು ಹೇಳಬೇಕಾಗಿಲ್ಲ. ಸಣ್ಣ ಕಾರ್ಖಾನೆಗಳಿಗೆ ಇದು ಭಾರ. ಹಾಗೆಂದು ಪೆನ್ ಡ್ರೈವಿನಲ್ಲಿ ಸಿಗುವ ಕ್ರ್ಯಾಕಿಗೆ ಕೈ ಹಾಕಬೇಡಿ. ಅಂಥ ಪ್ರತಿಗಳು ಎಲ್ಲಿ ಓಡುತ್ತಿವೆ ಎಂಬ ಸುದ್ದಿ ಎಷ್ಟೋ ಸಲ ತಯಾರಕರಿಗೆ ತಾನಾಗಿ ಮುಟ್ಟುತ್ತದೆ, ಹಿಂದೆಯೇ ವಕೀಲರ ನೋಟಿಸು. ನಮ್ಮ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಲ್ಲಿ ತಿಳಿದೂ ತಿಳಿದು ಕಳ್ಳಪ್ರತಿ ಬಳಸಿದವರಿಗೆ ಏಳು ದಿನದಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ ಎಂದಿದೆ. ಕಾಲೇಜಿನ ಮಕ್ಕಳಿಗಾದರೆ ಸೈಲ್ಯಾಬ್, ಫ್ರೀಕ್ಯಾಡ್, ಓಪನ್‌ಫೋಮ್ ಇವೆ. ಇಂಥ ಮುಕ್ತ ಸಾಫ್ಟ್‌ವೇರುಗಳನ್ನು ಕಲಿಸಲೆಂದೇ ಐಐಟಿ ಬಾಂಬೆಯಲ್ಲಿ ಫಾಸ್ಸೀ ಎಂಬ ಯೋಜನೆ ಇದೆ. ಅವಕ್ಕೆ ಬೀಗವೂ ಇಲ್ಲ, ಮೈನಸ್ ನಂಬರೂ ಇಲ್ಲ.

ಬೀಗವಿರುವ ಸಾಫ್ಟ್‌ವೇರಿನ ಜೊತೆಗೇ ಬಾಳಬೇಕಾದವರಲ್ಲಿ ನನ್ನದೊಂದು ಬಿನ್ನಹ. ಊಟಕ್ಕೆ ಏಳುವಾಗ ಫೈಲ್ ಸೇವ್ ಮಾಡಿ ಸಾಫ್ಟ್‌ವೇರ್ ಮುಚ್ಚಿ. ಸ್ಕ್ರೀನ್ ಲಾಕ್ ಮಾಡಿದರೆ ಲೈಸೆನ್ಸ್ ಬಿಟ್ಟಂತಾಗುವುದಿಲ್ಲ. ಟಿಕೆಟ್ ಹಾಕುವಾಗ ಆ ಮೈನಸ್ ನಂಬರನ್ನೂ ಫೀಚರಿನ ಹೆಸರನ್ನೂ ಎಷ್ಟು ಗಂಟೆಗೆ ಬಂತೆಂಬುದನ್ನೂ ಬರೆಯಿರಿ. ‘ಅರ್ಜೆಂಟ್’ ಎಂದು ಬರೆಯಬೇಡಿ. ಬಂದ ಟಿಕೆಟ್ಟುಗಳೆಲ್ಲ ಅರ್ಜೆಂಟೇ.